ಗಿಂಡಿಯ ಜಿಂಕೆಗೆ ಯಾವ ಬಾಣ?

ಚೆನ್ನೈಯ ಅಡ್ಯಾರಿನಿಂದ ಸರ್ದಾರ್ ಪಟೇಲ್ ರಸ್ತೆ ಹಿಡಿದು ಗಿಂಡಿಯತ್ತ ಹೊರಟರೆ ಎಡಗಡೆಗೆ ಬಹುದೂರ ಗೋಡೆಯೇ ಜೊತೆ ಬರುತ್ತದೆ. ಗೋಡೆಯ ಹಿಂದೆ ಮೊದಲು ಐಐಟಿ, ಆಮೇಲೆ ಗಾಂಧಿ ಮಂಟಪ, ಮಕ್ಕಳ ಉದ್ಯಾನ, ಕೊನೆಗೆ ರಾಜಭವನ. ಒಂದು ಕಾಲದಲ್ಲಿ ಇವೆಲ್ಲ ಒಂದೇ ಕುರುಚಲು ಕಾಡು. 1910ರಲ್ಲಿ ಮೀಸಲು ಅರಣ್ಯವಾದಾಗ ಸುಮಾರು 5 ಚದರ ಕಿಲೋಮೀಟರ್ ಇದ್ದದ್ದು, ಕಟ್ಟಡಗಳಿಗೂ ಸ್ಮಾರಕಗಳಿಗೂ ಹಂಚಿಹೋಗಿ, 1978ರಲ್ಲಿ ರಾಷ್ಟ್ರೀಯ ಉದ್ಯಾನವೆಂಬ ಹೆಸರು ಸಿಗುವ ಹೊತ್ತಿಗೆ 2.7 ಚದರ ಕಿಲೋಮೀಟರಿಗೆ ಇಳಿದಿತ್ತು. ಎಂಬತ್ತರ ದಶಕದ ಕೊನೆಗೆ ಉದ್ಯಾನಕ್ಕೂ ಐಐಟಿಗೂ ರಾಜಭವನಕ್ಕೂ ನಡುವೆ ಗೋಡೆ ಎದ್ದಿತು. ಜಿಂಕೆಗಳು ಮಾತ್ರ ಮೂರೂ ಕಡೆ ಉಳಿದುಕೊಂಡವು. ಅವು ಎರಡು ಬಗೆ. ಕೃಷ್ಣಮೃಗ ಬಯಲಿನ ಪ್ರಾಣಿ. ಚುಕ್ಕೆ ಜಿಂಕೆ ನೆರಳು, ಪೊದೆ, ಹಾಸ್ಟೆಲಿನ ಹಿಂಬದಿ ಯಾವುದಕ್ಕೂ ಸೈ. ಇಕ್ಕಟ್ಟಿನಲ್ಲಿ ಎರಡನೆಯದು ಗೆಲ್ಲುತ್ತಿದೆ. ನಾಯಿ ಕಚ್ಚಿ ಸತ್ತ ಜಿಂಕೆ, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕ ಜಿಂಕೆ, ರಸ್ತೆಗೆ ಹಾರಿ ವಾಹನಕ್ಕೆ ಸಿಕ್ಕ ಜಿಂಕೆ ಎಂದು ಚೆನ್ನೈಯ ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತದೆ. ಬಂದಾಗಲೆಲ್ಲ ಹಿಂದೆಯೇ ಒಂದು ಸಲಹೆಯೂ ಬರುತ್ತದೆ: ಅರಿವಳಿಕೆ ಕೊಟ್ಟು ಹಿಡಿದು ಬೇರೆ ಕಾಡಿಗೆ ಸಾಗಿಸಿಬಿಡಿ.

ಈ ಸಲಹೆ ಕೇಳಲು ಸರಳ. ಬಂದೂಕಿನಿಂದ ಡಾರ್ಟ್ ಎಂಬ ಮದ್ದಿನ ಸೂಜಿ ಹಾರುತ್ತದೆ, ಜಿಂಕೆ ಮಲಗುತ್ತದೆ, ಲಾರಿ ಹತ್ತುತ್ತದೆ, ಇನ್ನೊಂದು ಊರಿನ ಕಾಡಿನಲ್ಲಿ ಎದ್ದು ಓಡುತ್ತದೆ. ಟಿ.ವಿ.ಯಲ್ಲಿ ಆನೆ, ಚಿರತೆಗಳನ್ನು ಹೀಗೆ ಹಿಡಿಯುವುದನ್ನು ನೋಡಿದ ನಮಗೆ ಜಿಂಕೆಯದೇನು ಮಹಾ ಅನ್ನಿಸುವುದು ಸಹಜ. ಆದರೆ ಜಿಂಕೆ ಹಿಂಡುಗಳನ್ನು ಡಾರ್ಟ್ ಹೊಡೆದು ಸಾಗಿಸುವ ಯೋಚನೆಯನ್ನೇ ಕೈಬಿಡಬೇಕು ಎಂಬುದು ನನ್ನ ವಾದ. ಇದು ಮರುಕದಿಂದ ಬಂದ ಮಾತಲ್ಲ. ಇದಕ್ಕೆ ಬೇಕಾದ ಪುರಾವೆಯ ಬಹುಪಾಲು ಬಂದಿರುವುದು ಜಿಂಕೆಯನ್ನು ಕೊಲ್ಲಲೆಂದೇ ಬಿಲ್ಲು ಹಿಡಿದವರಿಂದ. ಅಮೆರಿಕದ ಬಿಲ್ಲುಬೇಟೆಗಾರರು ನೂರು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದು ಎರಡೇ ಪ್ರಶ್ನೆಗೆ: ಬಾಣಕ್ಕೆ ಎಂಥ ಮೊನೆ, ಜಿಂಕೆಯ ಮೈಮೇಲೆ ಯಾವ ಜಾಗ? ಡಾರ್ಟ್ ಹೊಡೆಯುವ ಪಶುವೈದ್ಯರ ಮುಂದೆ ಇರುವುದೂ ಇವೇ ಎರಡು ಪ್ರಶ್ನೆಗಳು. ಉತ್ತರ ಮಾತ್ರ ಅವರಿಗೆ ಇನ್ನಷ್ಟು ಕಷ್ಟ.

ಮೊದಲು ಬಾಣದ ವಿಚಾರ ನೋಡೋಣ. ಬಂದೂಕಿನ ಗುಂಡು ಕೊಲ್ಲುವುದು ಬಹುಮಟ್ಟಿಗೆ ಶಕ್ತಿಯಿಂದ. ದೊಡ್ಡ ಬೇಟೆಗೆ ಬಳಸುವ ರೈಫಲ್ಲಿನ ಗುಂಡು ಮೂರು ಸಾವಿರ ಜೂಲ್‌ಗೂ ಮಿಕ್ಕಿದ ಶಕ್ತಿ ಹೊತ್ತು ಬರುತ್ತದೆ. ಸೆಕೆಂಡಿಗೆ 85 ಮೀಟರ್ ಹಾರುವ 27 ಗ್ರಾಮಿನ ಬಾಣದ ಶಕ್ತಿ ನೂರು ಜೂಲ್ ಮುಟ್ಟುವುದಿಲ್ಲ. ಅಷ್ಟು ಅಲ್ಪ ಶಕ್ತಿಯಲ್ಲಿ ಐವತ್ತು ಅರವತ್ತು ಕಿಲೋ ತೂಗುವ ಪ್ರಾಣಿ ಬೀಳಬೇಕಾದರೆ ಬಾಣ ಮಾಡಬೇಕಾದ್ದು ಕತ್ತರಿಸುವ ಕೆಲಸ. ಅದಕ್ಕೇ ಅದರ ತುದಿಗೆ ಬ್ರಾಡ್‌ಹೆಡ್ ಎಂಬ ಅಗಲ ಅಲಗಿನ ಮೊನೆ. ಪಕ್ಕೆಲುಬಿನ ನಡುವೆ ತೂರಿ ಎರಡೂ ಶ್ವಾಸಕೋಶ ಸೀಳಿದರೆ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ. ಅಲಗು ಕ್ಷೌರದ ಬ್ಲೇಡಿನಷ್ಟು ಹರಿತವಾಗಿದ್ದರೆ ರಕ್ತ ಬೇಗ ಹೆಪ್ಪುಗಟ್ಟದೆ ಹರಿಯುತ್ತದೆ. ಮೊಂಡಾಗಿದ್ದರೆ ಮಾಂಸ ಹರಿಯುತ್ತದೆಯೇ ಹೊರತು ಪ್ರಾಣ ಹೋಗುವುದಿಲ್ಲ. ಮೊನೆಯ ಆಯ್ಕೆಯಲ್ಲೂ ಜಗಳವಿದೆ. ಅಲುಗಾಡದ ಸ್ಥಿರ ಅಲಗು ಒಂದು ಬಗೆ. ಹಾರುವಾಗ ಮಡಚಿಕೊಂಡಿದ್ದು ಮೈಗೆ ತಗುಲಿದೊಡನೆ ರೆಕ್ಕೆಯಂತೆ ಬಿಚ್ಚಿಕೊಳ್ಳುವುದು ಇನ್ನೊಂದು ಬಗೆ. ಎರಡನೆಯದು ಗಾಯವನ್ನು ಅಗಲ ಮಾಡುತ್ತದೆ, ಆದರೆ ಬಿಚ್ಚಿಕೊಳ್ಳುವುದಕ್ಕೇ ಒಂದಿಷ್ಟು ಶಕ್ತಿ ತಿನ್ನುತ್ತದೆ. ಓರೆಯಾಗಿ ತಗುಲಿದರೆ, ಭುಜದ ಮೂಳೆಗೆ ಬಡಿದರೆ ಒಳಗೆ ಇಳಿಯದೆ ನಿಲ್ಲುವುದುಂಟು. ಎಡ್ ಆ್ಯಶ್ಬಿ ಎಂಬ ಅಮೆರಿಕನ್ ಬೇಟೆಗಾರ ಎಂಬತ್ತರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಪ್ರಾಣಿಗಳ ಮೇಲೆ ಬಾಣ ಬಿಟ್ಟು ಬಿಟ್ಟು ದಾಖಲಿಸಿದ್ದು ಇದನ್ನೇ: ಮೂಳೆ ದಾಟಬೇಕಾದರೆ ಬೇಕಾದ್ದು ವೇಗಕ್ಕಿಂತ ಹೆಚ್ಚಾಗಿ ತೂಕ ಮತ್ತು ಗಟ್ಟಿ ಮೊನೆ.

ಮೊನೆಯ ಜಗಳ ಏನೇ ಇರಲಿ, ಜಾಗದ ವಿಷಯದಲ್ಲಿ ಬಿಲ್ಲುಬೇಟೆಗಾರರಲ್ಲಿ ಜಗಳವಿಲ್ಲ. ಪ್ರಾಣಿ ಅಡ್ಡಲಾಗಿ ನಿಂತಿರಬೇಕು, ಇಲ್ಲವೇ ಕೊಂಚ ಆಚೆಗೆ ತಿರುಗಿರಬೇಕು. ಗುರಿ ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೆಯ ಒಂದು ಭಾಗಕ್ಕೆ. ಎದುರು ನಿಂತಿದ್ದರೆ ಬಿಡಬಾರದು, ಬೆನ್ನು ತೋರಿಸಿದ್ದರೆ ಬಿಡಬಾರದು, ತಲೆ ಎತ್ತಿ ಕಿವಿ ನಿಮಿರಿಸಿದ್ದರೆ ಅಂತೂ ಬಿಡಲೇಬಾರದು. ಈ ಕೊನೆಯ ನಿಯಮದ ಹಿಂದೆ ಒಂದು ಲೆಕ್ಕವಿದೆ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ, ಬಾಣ 85. ಇಪ್ಪತ್ತೈದು ಮೀಟರ್ ದೂರದ ಜಿಂಕೆಗೆ ಬಿಲ್ಲಿನ ದನಿ 0.07 ಸೆಕೆಂಡಿನಲ್ಲಿ ತಲುಪಿದರೆ ಬಾಣ ತಲುಪುವುದು 0.29 ಸೆಕೆಂಡಿಗೆ. ನಡುವೆ ಸಿಗುವ 0.22 ಸೆಕೆಂಡಿನಲ್ಲಿ ಎಚ್ಚೆತ್ತ ಜಿಂಕೆ ಓಡುವುದಿಲ್ಲ; ಓಡಲು ಕಾಲು ಮಡಚಿ ಮೈಯನ್ನು ಕೆಳಕ್ಕೆ ಇಳಿಸುತ್ತದೆ. ಬೇಟೆಗಾರ ತಪ್ಪಿಲ್ಲದೆ ಬಿಟ್ಟ ಬಾಣವೂ ಎದೆಯ ಮೇಲಿಂದ ಹಾದುಹೋಗುತ್ತದೆ, ಇಲ್ಲವೇ ಬೆನ್ನಿಗೆ ನಾಟುತ್ತದೆ.

ಇಷ್ಟೆಲ್ಲ ನಿಯಮ ಗೊತ್ತಿದ್ದೂ ಎಷ್ಟು ಜಿಂಕೆಗಳು ಗಾಯಗೊಂಡು ಕೈತಪ್ಪುತ್ತವೆ? ಮೇರಿಲ್ಯಾಂಡಿನ ಒಂದು ನೌಕಾನೆಲೆಯಲ್ಲಿ 1989ರಿಂದ 2006ರವರೆಗೆ ಇಟ್ಟ ದಾಖಲೆ ಈ ವಿಷಯದಲ್ಲಿ ಪದೇ ಪದೇ ಉಲ್ಲೇಖವಾಗುತ್ತದೆ. ಅಲ್ಲಿ ಆಧುನಿಕ ಬಿಲ್ಲು ಹಿಡಿದ, ಗುರಿಪರೀಕ್ಷೆ ದಾಟಿದ ಬೇಟೆಗಾರರು ಹೊಡೆದ ಜಿಂಕೆಗಳಲ್ಲಿ ಶೇ 18ರಷ್ಟು ಮರಳಿ ಸಿಗಲಿಲ್ಲ. ಬಿಲ್ಲುಬೇಟೆಯ ವಿರೋಧಿಗಳು ಹೇಳುತ್ತಿದ್ದುದಕ್ಕಿಂತ ಇದು ಕಡಿಮೆ ಎಂದು ಬೇಟೆಗಾರರು ನಿಟ್ಟುಸಿರುಬಿಟ್ಟರು. ಆದರೂ ಅದು ಐದಾರರಲ್ಲಿ ಒಂದು. ಬ್ರಿಟನ್ 1963ರ ಜಿಂಕೆ ಕಾಯಿದೆಯಲ್ಲೇ ಬಾಣವನ್ನು ನಿಷೇಧಿಸಿತು; ಡೆನ್ಮಾರ್ಕ್ 1999ರಲ್ಲಿ ಕಟ್ಟುನಿಟ್ಟಿನ ಪರೀಕ್ಷೆಯ ಷರತ್ತಿನ ಮೇಲೆ ರೋ ಜಿಂಕೆಗೆ ಬಿಲ್ಲನ್ನು ಒಪ್ಪಿತು. ಒಂದೇ ಖಂಡದ ಎರಡು ದೇಶಗಳು ಎದುರುಬದುರು ತೀರ್ಮಾನಕ್ಕೆ ಬಂದವು. ಆದರೆ ಎರಡೂ ಕಡೆಯ ಚರ್ಚೆ ನಡೆದದ್ದು ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯ ಸುತ್ತಲೇ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಚರ್ಚೆಗೆ ಆಸ್ಪದವಿಟ್ಟಿಲ್ಲ. ಅಮೆರಿಕದ ಎಷ್ಟೋ ಬಡಾವಣೆಗಳಲ್ಲಿ ಜಿಂಕೆ ಹೆಚ್ಚಿದಾಗ ಬಿಲ್ಲುಗಾರರಿಗೆ ಪರವಾನಗಿ ಕೊಟ್ಟು ತಗ್ಗಿಸುತ್ತಾರೆ. ಇಲ್ಲಿ ಅದು ಸಲ್ಲದು, ಸಲ್ಲಬೇಕೆಂದು ವಾದಿಸುವವರಿಗೂ ಆ ಶೇ 18ರ ಉತ್ತರವೇ ಸಾಕು. ಗಾಯಗೊಂಡ ಜಿಂಕೆ ಅಮೆರಿಕದಲ್ಲಿ ಕಾಡಿಗೆ ಓಡುತ್ತದೆ, ಗಿಂಡಿಯಲ್ಲಿ ಮಕ್ಕಳ ಉದ್ಯಾನಕ್ಕೆ. ನಮ್ಮ ಕಾಯಿದೆಯ ಇನ್ನೊಂದು ಅಂಶವನ್ನು ಹೆಚ್ಚಿನವರು ಗಮನಿಸಿರುವುದಿಲ್ಲ: ಅದು ಬೇಟೆ ಎನ್ನುವುದರಲ್ಲಿ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಬಲೆಗೆ ಕೆಡಹುವುದು, ಅಟ್ಟುವುದೂ ಸೇರಿವೆ. ಅರಣ್ಯ ಇಲಾಖೆಯ ಡಾರ್ಟ್ ಕೂಡ ಕಾನೂನಿನ ಕಣ್ಣಿಗೆ ಬೇಟೆಯೇ, ಅದಕ್ಕೇ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಮೊದಲ ಅನುಸೂಚಿಯಲ್ಲಿರುವ ಕೃಷ್ಣಮೃಗವನ್ನು ಸ್ಥಳಾಂತರಿಸಲು ಕೇಂದ್ರದ ಒಪ್ಪಿಗೆಯೂ ಬೇಕು. ಪ್ರಾಣಿಗೆ ಆದಷ್ಟು ಕಡಿಮೆ ಆಘಾತವಾಗುವಂತೆ ಹಿಡಿಯಬೇಕೆಂದು ಕಾಯಿದೆಯೇ ಹೇಳುತ್ತದೆ. ಆದಷ್ಟು ಕಡಿಮೆ ಎಂದರೆ ಎಷ್ಟು ಎಂಬುದೇ ಇಲ್ಲಿನ ವಿಷಯ.

ಡಾರ್ಟನ್ನು ಹತ್ತಿರದಿಂದ ನೋಡಿದರೆ ಅದೊಂದು ಹಾರುವ ಸಿರಿಂಜ್. ಹೆಬ್ಬೆರಳಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಕೊಳವೆಯೊಳಗೆ ಎರಡು ಕೋಣೆ, ನಡುವೆ ರಬ್ಬರಿನ ಬಿರಡೆ. ಮುಂದಿನ ಕೋಣೆಯಲ್ಲಿ ಮದ್ದು, ಹಿಂದಿನದರಲ್ಲಿ ಒತ್ತಿ ತುಂಬಿದ ಗಾಳಿ, ಬಾಲಕ್ಕೆ ದಾರಿ ತಪ್ಪದಂತೆ ಬಣ್ಣದ ಕುಚ್ಚು. ಸೂಜಿಯ ತುದಿ ಮುಚ್ಚಿರುತ್ತದೆ. ಮದ್ದು ಹೊರಬರುವ ರಂಧ್ರ ಪಕ್ಕದಲ್ಲಿದ್ದು, ಅದರ ಮೇಲೊಂದು ಸಿಲಿಕೋನ್ ತೊಡಿಕೆ. ಸೂಜಿ ಚರ್ಮದೊಳಗೆ ಇಳಿಯುವಾಗ ತೊಡಿಕೆ ಹಿಂದಕ್ಕೆ ಸರಿಯುತ್ತದೆ, ಗಾಳಿ ಬಿರಡೆಯನ್ನು ತಳ್ಳುತ್ತದೆ, ಮದ್ದು ಸ್ನಾಯುವಿಗೆ ಹೋಗುತ್ತದೆ. ಇಲ್ಲೂ ಮೊನೆಯ ಆಯ್ಕೆಯಿದೆ. ಆನೆಯ ದಪ್ಪ ಚರ್ಮಕ್ಕೆ ಉದ್ದದ ಸೂಜಿ, ಜಿಂಕೆಗೆ ಅದರ ಅರ್ಧವೂ ಬೇಡ. ನಯವಾದ ಸೂಜಿ ಮದ್ದು ಪೂರ್ತಿ ಇಳಿಯುವ ಮೊದಲೇ ಕಳಚಿ ಬೀಳಬಹುದು. ಕತ್ತಿಗೆ ಉಬ್ಬು ಪಟ್ಟಿಯೋ ಮುಳ್ಳೋ ಇರುವ ಸೂಜಿ ಕಚ್ಚಿ ನಿಲ್ಲುತ್ತದೆ, ಆದರೆ ತೆಗೆಯುವಾಗ ಗಾಯ ಮಾಡುತ್ತದೆ. ಗುರಿಯ ಜಾಗ ಬೇಟೆಗಾರನ ಜಾಗಕ್ಕೆ ತದ್ವಿರುದ್ಧ. ಎದೆ, ಹೊಟ್ಟೆ, ತಲೆ, ಬೆನ್ನುಮೂಳೆ ಮುಟ್ಟಬಾರದು. ಉಳಿಯುವುದು ತೊಡೆಯ ಹಿಂಭಾಗದ ಸ್ನಾಯು, ಹೆಚ್ಚೆಂದರೆ ಭುಜ. ಆನೆಯ ತೊಡೆ ಒಂದು ಬಾಗಿಲಿನಷ್ಟು ಅಗಲ. ಮೂವತ್ತು ನಲವತ್ತು ಕಿಲೋದ ಹೆಣ್ಣು ಚುಕ್ಕೆ ಜಿಂಕೆಯ ತೊಡೆಯಲ್ಲಿ ಹೊಡೆಯಬಹುದಾದ ಜಾಗ ಒಂದು ಅಂಗೈಯಗಲ. ಅದರಿಂದ ಕೊಂಚ ಮುಂದೆ ಹೊಟ್ಟೆ, ಕೊಂಚ ಒಳಗೆ ತೊಡೆಮೂಳೆ. ಒತ್ತಡ ಹೆಚ್ಚಾಗಿ ವೇಗ ಏರಿದರೆ ಇದೇ ಡಾರ್ಟ್ ಮೂಳೆ ಮುರಿಯುತ್ತದೆ, ಕರುಳಿಗೆ ಇಳಿಯುತ್ತದೆ. ಹಾಗಾಗದಂತೆ ವೇಗ ತಗ್ಗಿಸಬೇಕು. ತಗ್ಗಿಸಿದೊಡನೆ ಬಿಲ್ಲುಗಾರನ ಹಳೆಯ ಲೆಕ್ಕ ಎದುರು ಬಂದು ನಿಲ್ಲುತ್ತದೆ.

ಡಾರ್ಟ್ ಸೆಕೆಂಡಿಗೆ 50 ಮೀಟರ್ ಹಾರುತ್ತದೆ ಎಂದಿಟ್ಟುಕೊಳ್ಳಿ. ಇಪ್ಪತ್ತೈದು ಮೀಟರಿಗೆ ಅರ್ಧ ಸೆಕೆಂಡು ಬೇಕು. ಶಬ್ದ ಕಳೆದರೆ ಜಿಂಕೆಗೆ ಸಿಗುವ ಸಮಯ 0.43 ಸೆಕೆಂಡು, ಬಾಣದ ಮುಂದೆ ಸಿಗುತ್ತಿದ್ದುದರ ಹೆಚ್ಚುಕಡಿಮೆ ಎರಡರಷ್ಟು. ಕಾಲು ಸೆಕೆಂಡಿನಲ್ಲಿ ಯಾವುದೇ ವಸ್ತು ನೆಲದತ್ತ 30 ಸೆಂಟಿಮೀಟರ್ ಬೀಳುತ್ತದೆ. ಕಾಲು ಸಡಿಲಬಿಟ್ಟ ಜಿಂಕೆಯ ಮೈಯೂ ಅಷ್ಟೇ. ಗುರಿ ಇರುವುದು ಅಂಗೈಯಗಲ. ಬೇಟೆಗಾರನ ಗುರಿ ಇದಕ್ಕಿಂತ ದೊಡ್ಡದು, ಅವನ ಬಾಣ ಇದಕ್ಕಿಂತ ಚುರುಕು, ಆದರೂ ಅವನಿಗೆ ಐದಾರರಲ್ಲಿ ಒಂದು ಕೈತಪ್ಪುತ್ತದೆ.

ಕುತೂಹಲದ ಸಂಗತಿಯೆಂದರೆ ಡಾರ್ಟ್ ಬಂದೂಕು ಹುಟ್ಟಿದ್ದೇ ಜಿಂಕೆಗಾಗಿ. ಐವತ್ತರ ದಶಕದಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಜಿಂಕೆ ಕಡಿಮೆಯಾದ ಕಡೆಗೆ ಮರಳಿ ತುಂಬಬೇಕಾಗಿತ್ತು. ಜಾಕ್ ಕ್ರಾಕ್‌ಫರ್ಡ್ ಮತ್ತು ಸಂಗಡಿಗರು ಗಾಳಿಬಂದೂಕು ತಿದ್ದಿ ಸಿರಿಂಜ್ ಹಾರಿಸಿದರು. ಅದರೊಳಗೆ ತುಂಬಿದ್ದು ಹೊಗೆಸೊಪ್ಪಿನ ನಿಕೋಟಿನ್. 1957ರಲ್ಲಿ ಅವರ ವರದಿ ಪ್ರಕಟವಾಯಿತು. ನಿಕೋಟಿನ್‌ನಲ್ಲಿ ಮಲಗಿಸುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ಸರಿಸುಮಾರು ಅದೇ ಕಾಲಕ್ಕೆ ನ್ಯೂಜಿಲೆಂಡಿನ ಕಾಲಿನ್ ಮರ್ಡಾಕ್ ಕೂಡ ಇಂಥದ್ದೇ ಬಂದೂಕು ಮಾಡಿದ. ಈಗಿನ ಮದ್ದುಗಳು ಎಷ್ಟೋ ಪಾಲು ಸುರಕ್ಷಿತ. ಮ್ಯೂನಿಕ್ಕಿನ ಹೆಲ್ಲಾಬ್ರುನ್ ಮೃಗಾಲಯದ ಹೆಸರು ಹೊತ್ತ ಕ್ಸೈಲಜೀನ್–ಕೆಟಮೀನ್ ಮಿಶ್ರಣ ನಮ್ಮಲ್ಲೂ ಬಳಕೆಯಲ್ಲಿದೆ. ಎಬ್ಬಿಸಲು ಯೋಹಿಂಬಿನ್ ಇದೆ. ಹಾಗಾಗಿ ಮದ್ದಿನ ಮೇಲೆ ನನ್ನ ದೂರಿಲ್ಲ. ದೂರು ಇರುವುದು ಡಾರ್ಟ್ ತಗುಲಿದ ಮೇಲಿನ ಹತ್ತು ಹದಿನೈದು ನಿಮಿಷಗಳ ಮೇಲೆ.

ಆ ನಿಮಿಷಗಳಲ್ಲಿ ಜಿಂಕೆ ಓಡುತ್ತದೆ. ಬಾಣ ತಪ್ಪು ಜಾಗಕ್ಕೆ ಬಿದ್ದರೆ ಏನು ಮಾಡಬೇಕೆಂದು ಬಿಲ್ಲುಬೇಟೆಗಾರರಿಗೆ ಚೆನ್ನಾಗಿ ಗೊತ್ತು: ಹೊಟ್ಟೆಗೆ ನಾಟಿದ್ದರೆ ಬೆನ್ನಟ್ಟಬಾರದು, ಆರೆಂಟು ಗಂಟೆ ಕಾಯಬೇಕು. ಅಟ್ಟಿದರೆ ಅದು ಮೈಲಿಗಟ್ಟಲೆ ಹೋಗುತ್ತದೆ, ಬಿಟ್ಟರೆ ಹತ್ತಿರದ ಪೊದೆಯಲ್ಲಿ ಮಲಗುತ್ತದೆ. ಈ ಬುದ್ಧಿವಂತಿಕೆ ಡಾರ್ಟಿಗೆ ಉಪಯೋಗಕ್ಕೆ ಬಾರದು. ಸೂಜಿ ಕೊಬ್ಬಿನಲ್ಲಿ ನಿಂತು ಅರ್ಧ ಮದ್ದು ಮಾತ್ರ ಇಳಿದ ಜಿಂಕೆ ತೂರಾಡುತ್ತಿರುತ್ತದೆ, ಬೀಳುವುದಿಲ್ಲ. ಕಾಯುವಂತಿಲ್ಲ, ಏಕೆಂದರೆ ಸುತ್ತ ನಾಯಿಗಳಿವೆ, ಕೆರೆಯಿದೆ, ದೊಡ್ಡ ರಸ್ತೆಯಿದೆ. ಬೆನ್ನಟ್ಟುವಂತೆಯೂ ಇಲ್ಲ, ಮತ್ತೊಂದು ಡಾರ್ಟ್ ಹೊಡೆಯಬೇಕೆಂದರೆ ಒಟ್ಟು ಎಷ್ಟು ಮದ್ದು ಹೋಗಿದೆ ಎಂಬ ಲೆಕ್ಕವೇ ತಪ್ಪಿರುತ್ತದೆ. ಬಿದ್ದ ಮೇಲೂ ನಿರಾಳವಲ್ಲ. ಮೆಲುಕು ಹಾಕುವ ಪ್ರಾಣಿ ಪಕ್ಕಕ್ಕೆ ಮಲಗಿದರೆ ಹೊಟ್ಟೆ ಉಬ್ಬರಿಸುತ್ತದೆ, ಮೇವು ಗಂಟಲಿಗೆ ಬಂದು ಶ್ವಾಸಕೋಶ ಸೇರುತ್ತದೆ. ಎದೆಯ ಮೇಲೆ ಕೂರಿಸಿ ಕುತ್ತಿಗೆ ಎತ್ತಿ ಹಿಡಿಯಬೇಕು. ಕ್ಸೈಲಜೀನ್ ಮೈಯ ಬಿಸಿ ಹತೋಟಿಯನ್ನು ಕೆಡಿಸುತ್ತದೆ. ಚೆನ್ನೈಯ ಸೆಖೆಯಲ್ಲಿ ಓಡಿ ಬಿದ್ದ ಜಿಂಕೆಯ ಮೈ 41 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ನೀರು ಸುರಿಯುವವರು ಪಕ್ಕದಲ್ಲೇ ಇರಬೇಕು.

ಇದೆಲ್ಲ ದಾಟಿದರೂ ಕೊನೆಯದೊಂದು ಉಳಿದಿದೆ, ಮತ್ತು ನನ್ನ ಮಟ್ಟಿಗೆ ಅದೇ ನಿರ್ಣಾಯಕ. ಪಶುವೈದ್ಯರು ಅದನ್ನು ಕ್ಯಾಪ್ಚರ್ ಮಯೋಪತಿ ಎನ್ನುತ್ತಾರೆ. ಹೆದರಿ ಓಡಿದ, ಒದ್ದಾಡಿದ ಪ್ರಾಣಿಯ ಸ್ನಾಯುಗಳಲ್ಲಿ ಆಮ್ಲ ತುಂಬಿ ಸ್ನಾಯುವಿನ ಎಳೆಗಳೇ ಒಡೆಯುತ್ತವೆ. ಒಡೆದ ಎಳೆಗಳ ಬಣ್ಣ ಮೂತ್ರದಲ್ಲಿ ಕಾಫಿಯಂತೆ ಇಳಿಯುತ್ತದೆ, ಮೂತ್ರಪಿಂಡ ಕಟ್ಟುತ್ತದೆ. ಸಾವು ಕೂಡಲೇ ಬರಬಹುದು, ಒಂದು ವಾರ ಎರಡು ವಾರ ಬಿಟ್ಟೂ ಬರಬಹುದು. ಚುಕ್ಕೆ ಜಿಂಕೆ, ಕೃಷ್ಣಮೃಗಗಳಂಥ ಬೆದರುವ ಪ್ರಾಣಿಗಳು ಇದಕ್ಕೆ ಬಲು ಬೇಗ ಬಲಿಯಾಗುತ್ತವೆ. ಲಾರಿಯಿಂದ ಜಿಗಿದು ಕಾಡಿಗೆ ಓಡಿದ ಜಿಂಕೆಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಹತ್ತನೆಯ ದಿನ ಪೊದೆಯ ಕೆಳಗೆ ಸತ್ತದ್ದರ ಫೋಟೊ ಯಾರೂ ತೆಗೆಯುವುದಿಲ್ಲ. ಕಾರ್ಯಾಚರಣೆ ಯಶಸ್ವಿ ಎಂಬ ಸಾಲು ಬರೆಯುವುದು ಬಿಡುಗಡೆಯ ದಿನವೇ.

ಇದಕ್ಕೆ ಬರುವ ಮೊದಲ ಆಕ್ಷೇಪ: ಗುರಿಕಾರ ನುರಿತವನಾಗಿದ್ದರೆ ಇದೆಲ್ಲ ಆಗುವುದಿಲ್ಲ. ನುರಿತವರ ಬಗ್ಗೆ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ಕಾಡಾನೆಗಳಿಗೆ ಅರಿವಳಿಕೆ ಹೊಡೆದು ಹೆಸರಾಗಿದ್ದ ಆನೆ ವೆಂಕಟೇಶ್ 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಅಂಥದ್ದೇ ಕೆಲಸದ ನಡುವೆ ಆನೆಯ ದಾಳಿಗೆ ಬಲಿಯಾದರು. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ದಸರೆಯಲ್ಲಿ ಅಂಬಾರಿ ಹೊರುತ್ತಿದ್ದ ಸಾಕಾನೆ ಅರ್ಜುನ ಕಾಡಾನೆಯೊಂದಿಗೆ ಕಾದಾಡಿ ಸತ್ತಿತು. ಆ ದಿನ ಒಂದು ಡಾರ್ಟ್ ಗುರಿ ತಪ್ಪಿ ಸಾಕಾನೆ ಪ್ರಶಾಂತನಿಗೇ ತಗುಲಿತೆಂದು ಪತ್ರಿಕೆಗಳು ವರದಿ ಮಾಡಿದವು. ಅನುಭವಿಗಳಿದ್ದೂ, ಬಾಗಿಲಿನಷ್ಟು ಅಗಲದ ಗುರಿಯಿದ್ದೂ ಹೀಗಾಯಿತು. ಪುರಾಣಗಳಾದರೂ ಬೇರೇನು ಹೇಳುತ್ತವೆ? ಶಬ್ದವೇಧಿ ಕಲಿತ ದಶರಥ ಆನೆಯೆಂದು ಶ್ರವಣನನ್ನು ಹೊಡೆದ; ಪಾಂಡು ಜಿಂಕೆಯೆಂದು ಕಿಂದಮ ಋಷಿಗೆ ಬಾಣ ಬಿಟ್ಟ; ಜರನೆಂಬ ಬೇಡ ಕೃಷ್ಣನ ಪಾದವನ್ನೇ ಜಿಂಕೆ ಎಂದುಕೊಂಡ. ಮೂವರಲ್ಲಿ ಯಾರ ಕೈಯೂ ನಡುಗಲಿಲ್ಲ, ಯಾರ ಬಾಣವೂ ಗುರಿ ತಪ್ಪಲಿಲ್ಲ. ಇಟ್ಟ ಗುರಿಗೆ ಸರಿಯಾಗಿ ನಾಟಿದ ಬಾಣವೂ ಅನರ್ಥ ಮಾಡಬಲ್ಲದು. ಗಿಂಡಿಯಲ್ಲಿ ತೊಡೆಗೆ ಸರಿಯಾಗಿ ತಗುಲಿದ ಡಾರ್ಟ್ ಕೂಡ ಹತ್ತು ನಿಮಿಷದ ಓಟವನ್ನು ತಪ್ಪಿಸಲಾರದು. ಆನೆಗೆ, ಚಿರತೆಗೆ ಬೇರೆ ದಾರಿಯಿಲ್ಲ, ಹಾಗಾಗಿ ಆ ಅಪಾಯವನ್ನು ಒಪ್ಪಿಕೊಳ್ಳುತ್ತೇವೆ. ಜಿಂಕೆಗೆ ಬೇರೆ ದಾರಿಯಿದೆ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಐಐಟಿಯ ಜಿಂಕೆಗಳು ಮನುಷ್ಯರಿಗೆ ಒಗ್ಗಿಕೊಂಡಿವೆ, ಸೈಕಲ್ಲು ಹತ್ತಡಿ ದೂರದಲ್ಲಿ ಹೋದರೂ ತಲೆ ಎತ್ತುವುದಿಲ್ಲ. ಇಪ್ಪತ್ತೈದು ಮೀಟರಿನ ಲೆಕ್ಕ ಅಲ್ಲಿಗೆ ಏಕೆ, ಊದುಗೊಳವೆಯಲ್ಲೇ ಹೊಡೆಯಬಹುದಲ್ಲ? ಹೊಡೆಯಬಹುದು. ಮೊದಲನೆಯದಕ್ಕೆ ಖಂಡಿತ, ಎರಡನೆಯದಕ್ಕೆ ಬಹುಶಃ. ಆದರೆ ಚುಕ್ಕೆ ಜಿಂಕೆ ಒಂಟಿ ಪ್ರಾಣಿಯಲ್ಲ. ಒಂದು ಬೆಚ್ಚಿ ಕೂಗಿದರೆ ಹಿಂಡೇ ಕಿವಿ ನಿಮಿರಿಸುತ್ತದೆ, ಮರುದಿನ ಅದೇ ಖಾಕಿ ಬಟ್ಟೆ ಕಂಡರೆ ದೂರ ಸರಿಯುತ್ತದೆ. ಒಗ್ಗಿಕೊಂಡ ಜಿಂಕೆಯನ್ನು ಒಗ್ಗದ ಜಿಂಕೆಯಾಗಿಸಲು ನಾಲ್ಕು ಡಾರ್ಟ್ ಸಾಕು. ಸಾಗಿಸಬೇಕಾದ್ದು ನೂರಾರಾದರೆ ಈ ವಿಧಾನ ಕ್ರಮೇಣ ಹೆಚ್ಚು ದೂರಕ್ಕೆ, ಹೆಚ್ಚು ವೇಗಕ್ಕೆ, ಹೆಚ್ಚು ಸಾವಿಗೆ ಹೋಗುತ್ತದೆ. ಸಂತಾನಶಕ್ತಿ ತಗ್ಗಿಸುವ ಲಸಿಕೆಯನ್ನು ಡಾರ್ಟಿನಲ್ಲಿ ಕೊಡುವ ಪ್ರಯೋಗ ನ್ಯೂಯಾರ್ಕಿನ ಫೈರ್ ಐಲ್ಯಾಂಡಿನಲ್ಲಿ 1993ರಿಂದ ನಡೆಯಿತು. ಅಲ್ಲಿ ಪ್ರಾಣಿ ಮಲಗಬೇಕಾಗಿಲ್ಲ, ಅದರಿಂದ ಅಪಾಯವೂ ಕಡಿಮೆ. ಆದರೆ ಪರಿಣಾಮ ಉಳಿಯಲು ಲಸಿಕೆಯನ್ನು ಮತ್ತೆ ಮತ್ತೆ ಕೊಡಬೇಕು. ಯೋಚಿಸಬೇಕಾದ ದಾರಿ, ಸುಲಭದ್ದಲ್ಲ.

ಹಾಗಾದರೆ ಬೇರೆ ದಾರಿ ಯಾವುದು? ಅರವತ್ತರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಯಾನ್ ಉಲೋಫ್ಸೆ ಎಂಬಾತ ಒಂದು ಸಂಗತಿ ಕಂಡುಕೊಂಡ: ಗೊರಸಿನ ಪ್ರಾಣಿ ಆಚೆ ಕಾಣದ ಪ್ಲಾಸ್ಟಿಕ್ ಪರದೆಯನ್ನು ಗೋಡೆಯೆಂದೇ ತಿಳಿದು ಅದಕ್ಕೆ ನುಗ್ಗುವುದಿಲ್ಲ. ಎರಡಾಳೆತ್ತರದ ಪರದೆಗಳನ್ನು ಲಾಳಿಕೆಯಾಕಾರದಲ್ಲಿ ಕಟ್ಟಿದರೆ ಹಿಂಡು ಅಗಲದ ಬಾಯಿಯಿಂದ ಕಿರಿದಾದ ಕತ್ತಿಗೆ ತಾನಾಗಿ ಹೋಗುತ್ತದೆ, ಅಲ್ಲಿಂದ ಇಳಿಜಾರು ಹತ್ತಿ ಕತ್ತಲೆಯ ಲಾರಿಗೆ. ಇದೇ ಬೊಮಾ. ಮಧ್ಯಪ್ರದೇಶದ ಅರಣ್ಯ ಇಲಾಖೆ ಕಾನ್ಹಾ, ಪೆಂಚ್‌ಗಳಿಂದ ಚುಕ್ಕೆ ಜಿಂಕೆಗಳನ್ನು ವರ್ಷಗಳಿಂದ ಹೀಗೇ ಸಾಗಿಸುತ್ತ ಬಂದಿದೆ. 2025ರ ಅಕ್ಟೋಬರಿನಲ್ಲಿ ಅಲ್ಲಿನ ಶಾಜಾಪುರದ ಹೊಲಗಳಿಂದ ನೂರಾರು ಕೃಷ್ಣಮೃಗಗಳನ್ನು ಹೆಲಿಕಾಪ್ಟರಿನಿಂದ ಬೊಮಾಕ್ಕೆ ಅಟ್ಟಿ ಹಿಡಿದರು, ಒಂದಕ್ಕೂ ಅರಿವಳಿಕೆ ಕೊಡಲಿಲ್ಲ. ಗಿಂಡಿಗೆ ಹೆಲಿಕಾಪ್ಟರ್ ಬೇಡ, ಅಟ್ಟುವುದೇ ಬೇಡ. ಮೇವು ನೀರು ಇಟ್ಟು ವಾರಗಟ್ಟಲೆ ಬಾಗಿಲು ತೆರೆದಿಟ್ಟು, ಹಿಂಡು ಒಳಗೆ ಬಂದು ಮೇಯುವುದು ರೂಢಿಯಾದ ಮೇಲೆ ಒಂದು ಬೆಳಗಿನ ಜಾವ ಪರದೆ ಎಳೆದರೆ ಆಯಿತು.

ನಗರದ ನಡುವೆ ಇದಕ್ಕೆ ಜಾಗವೆಲ್ಲಿ ಎನ್ನುವವರಿಗೆ ಉತ್ತರ ಗಿಂಡಿಯ ಗೋಡೆಗಳಲ್ಲೇ ಇದೆ. ಕಾನ್ಹಾದಲ್ಲಿ ಲಾಳಿಕೆಯ ಎರಡೂ ಬದಿ ಕಟ್ಟಬೇಕು. ಇಲ್ಲಿ ಒಂದು ಬದಿ ಮೂವತ್ತೈದು ವರ್ಷಕ್ಕೂ ಹಿಂದೆಯೇ ಎದ್ದು ನಿಂತಿದೆ. ಸಮಯವನ್ನು ಮಾತ್ರ ಜಾಣತನದಿಂದ ಆರಿಸಬೇಕು. ಈಶಾನ್ಯ ಮಾರುತ ಮುಗಿದ ಹೊಸದರಲ್ಲಿ ಎಲ್ಲೆಡೆ ಹುಲ್ಲು ನೀರಿರುತ್ತದೆ, ಇಟ್ಟ ಮೇವಿಗೆ ಜಿಂಕೆ ಬರುವುದಿಲ್ಲ. ಕತ್ತರಿ ಬಿಸಿಲಿನ ಮೇ ತಿಂಗಳಲ್ಲಿ ನೀರಿಗೆ ಬಂದೇ ಬರುತ್ತದೆ, ಆದರೆ ಸೆಖೆಯಲ್ಲಿ ಹಿಡಿದರೆ ಸಾಯುತ್ತದೆ. ನಡುವಿನ ಫೆಬ್ರುವರಿ ವಾಸಿ ಎಂದು ತೋರುತ್ತದೆ. ಗಂಡುಗಳ ಎಳೆ ಕೊಂಬು ಮಖಮಲ್ಲಿನ ಸಿಪ್ಪೆಯಲ್ಲಿರುವಾಗ ಅವನ್ನು ಬಿಟ್ಟುಬಿಡಬೇಕು, ಬಲಿತ ಕೊಂಬಿನವನ್ನು ಬೇರೆ ಗೂಡಿನಲ್ಲಿ ಒಯ್ಯಬೇಕು, ಪ್ರಯಾಣ ರಾತ್ರಿಯೇ ಆಗಬೇಕು. ಬೊಮಾದಲ್ಲೂ ಸಾವು ಇಲ್ಲವೆಂದಲ್ಲ. ಹಿಂಡಿನಲ್ಲಿ ನೂಕಾಟವಾಗುತ್ತದೆ, ಮರಿ ತುಳಿತಕ್ಕೆ ಸಿಗುತ್ತದೆ, ಮಯೋಪತಿಯೂ ಬರುತ್ತದೆ. ಆದರೆ ಹಿಡಿದದ್ದು ಹೆಚ್ಚಾಯಿತೆಂದು ಕಂಡರೆ ಪರದೆ ತೆರೆದು ಬಿಟ್ಟುಬಿಡಬಹುದು. ಹಾರಿದ ಡಾರ್ಟನ್ನು ಹಿಂದಕ್ಕೆ ಕರೆಯಲಾಗದು.

ಯಾವುದನ್ನು ಸಾಗಿಸಬೇಕು ಎಂಬುದೂ ಮುಖ್ಯ. ತೊಂಬತ್ತರ ದಶಕದಲ್ಲಿ ಗಿಂಡಿಯ ಕೃಷ್ಣಮೃಗಗಳನ್ನು ಅಧ್ಯಯನ ಮಾಡಿದ ಟಿ.ಆರ್. ಶಂಕರ್ ರಾಮನ್, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮೊದಲಾದವರು ಅವುಗಳ ಸಂಖ್ಯೆ ಇಳಿಯುತ್ತಿರುವುದನ್ನು ಅಂದೇ ದಾಖಲಿಸಿದ್ದರು. ಬಯಲು ಕುಗ್ಗಿ ಪೊದೆ ಬೆಳೆದದ್ದು ಕೃಷ್ಣಮೃಗಕ್ಕೆ ಹೊಡೆತ. ಉದ್ಯಾನದೊಳಗೆ ಪೋಲೊ ಗ್ರೌಂಡ್ ಎಂದೇ ಕರೆಯುವ ಹುಲ್ಲುಬಯಲು ಅದಕ್ಕೆ ಉಳಿದ ಆಸರೆ. ಚುಕ್ಕೆ ಜಿಂಕೆಯನ್ನು ಹೊರಗಿನಿಂದ ತಂದು ಬಿಟ್ಟದ್ದೆಂಬುದು ಸಾಮಾನ್ಯ ಅಭಿಪ್ರಾಯ. ಹಾಗಿರುವಾಗ ಸ್ಥಳಾಂತರವೆಂಬುದು ನಡೆದರೆ ಅದು ಚುಕ್ಕೆ ಜಿಂಕೆಗೆ ಮಾತ್ರ ಇರಲಿ. ಕೃಷ್ಣಮೃಗಕ್ಕೆ ಬೇಕಾಗಿರುವುದು ಲಾರಿಯಲ್ಲ, ಪೊದೆ ಕಡಿದು ಬಿಡಿಸಿದ ಬಯಲು. ಕಸದ ತೊಟ್ಟಿಗೆ ಮುಚ್ಚಳ, ನಾಯಿ ನುಗ್ಗದ ಬೇಲಿ ಇವೆರಡು ಯಾವ ಅನುಮತಿಗೂ ಕಾಯಬೇಕಿಲ್ಲ.

ಡಾರ್ಟ್ ಬಂದೂಕನ್ನು ಬೀಗ ಹಾಕಿಡಿ ಎಂದು ನಾನು ಹೇಳುತ್ತಿಲ್ಲ. ಕುತ್ತಿಗೆಗೆ ಪ್ಲಾಸ್ಟಿಕ್ ಸಿಕ್ಕಿಕೊಂಡ ಜಿಂಕೆಗೆ, ಕಾಲು ಮುರಿದು ಕ್ಯಾಂಪಸ್ಸಿನ ಚರಂಡಿಯಲ್ಲಿ ಬಿದ್ದದ್ದಕ್ಕೆ ಅದು ಬೇಕೇ ಬೇಕು. ಅಲ್ಲಿ ಹತ್ತಿರದಿಂದ, ಹೆಚ್ಚು ಜನ ಸೇರಿಸದೆ, ಒಂದೇ ಪ್ರಾಣಿಗೆ ಹೊಡೆಯುವುದು. ತಮಿಳುನಾಡಿನ ಅರಣ್ಯ ಇಲಾಖೆಗೂ, ರಾಣೆಬೆನ್ನೂರು, ಮಧುಗಿರಿ ಕಡೆಯ ಕೃಷ್ಣಮೃಗಗಳ ಹೊಣೆ ಹೊತ್ತ ನಮ್ಮ ಇಲಾಖೆಗೂ ಕೇಳಬಹುದಾದ್ದು ಒಂದಿದೆ. ಬಿಲ್ಲುಬೇಟೆಯ ನಿಜ ಹೊರಬಿದ್ದದ್ದು ಒಂದು ನೌಕಾನೆಲೆ ಹದಿನೇಳು ವರ್ಷ ಬಿಡದೆ ಲೆಕ್ಕ ಬರೆದಿಟ್ಟದ್ದರಿಂದ. ಇಲ್ಲಿಯೂ ಪ್ರತಿ ಡಾರ್ಟಿಗೆ ಒಂದು ಹಾಳೆ ಇರಲಿ: ಎಷ್ಟು ದೂರದಿಂದ, ಮೈಯ ಯಾವ ಜಾಗಕ್ಕೆ, ಎಷ್ಟು ನಿಮಿಷಕ್ಕೆ ಮಲಗಿತು, ಮೈಬಿಸಿ ಎಷ್ಟಿತ್ತು, ಬಿಟ್ಟ ಮೂವತ್ತನೆಯ ದಿನ ಬದುಕಿತ್ತೇ. ಬೊಮಾದಿಂದ ಸಾಗಿಸಿದ ಪ್ರಾಣಿಗಳಿಗೂ ಇದೇ ಕೊನೆಯ ಪ್ರಶ್ನೆ ಇರಲಿ. ಆ ಹಾಳೆಗಳನ್ನು ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡಿ.